ಕಾರ್ಡಿಯಲ್ ಅಂದರೆ ಶರಬತ್ತೋ ಮದ್ಯವೋ? ಮುರುಗಲು, ನಿಂಬೆ, ಕಂಚಿಯಿಂದ ಎರಡನ್ನೂ ಮಾಡುವ ಬಗೆ

ಶಿವಮೊಗ್ಗದ ಅಂಗಡಿಯಲ್ಲಿ ಸಿಗುವ ಲೈಮ್ ಕಾರ್ಡಿಯಲ್ ಬಾಟಲಿಯನ್ನು ಮಕ್ಕಳ ಕೈಗೆ ಧಾರಾಳವಾಗಿ ಕೊಡಬಹುದು. ಅದೇ ‘ಕಾರ್ಡಿಯಲ್’ ಅಮೆರಿಕದ ಅಡುಗೆ ಬರಹದಲ್ಲಿ ಬಂದರೆ ಕೈ ತಡೆಯಬೇಕು, ಅಲ್ಲಿ ಅದು ಸಿಹಿ ಸೇರಿಸಿದ ಮದ್ಯ. ಬ್ರಿಟನ್, ಆಸ್ಟ್ರೇಲಿಯ ಮತ್ತು ನಮ್ಮ ದೇಶದಲ್ಲಿ ಕಾರ್ಡಿಯಲ್ ಎಂದರೆ ನೀರು ಬೆರೆಸಿ ಕುಡಿಯುವ ಗಟ್ಟಿ ಹಣ್ಣಿನ ರಸ. ಅಮೆರಿಕದಲ್ಲಿ ಕಾರ್ಡಿಯಲ್ ಮತ್ತು ಲಿಕ್ಯೂರ್ ಎರಡೂ ಒಂದೇ: ತೂಕದಲ್ಲಿ ಕನಿಷ್ಠ ಶೇ. 2.5 ಸಕ್ಕರೆ ಇರುವ, ಹಣ್ಣು ಅಥವಾ ಮಸಾಲೆಯ ರುಚಿ ಹಿಡಿಸಿದ ಮದ್ಯ. ಯುರೋಪಿನ ನಿಯಮದಲ್ಲಿ ಲಿಕ್ಯೂರ್‌ಗೆ ಲೀಟರಿಗೆ ಕನಿಷ್ಠ 100 ಗ್ರಾಂ ಸಕ್ಕರೆ, ಶೇ. 15 ಆಲ್ಕೋಹಾಲ್ ಇರಬೇಕು. (ಲಿಕ್ಯೂರ್ ಬೇರೆ, ಲಿಕ್ಕರ್ ಬೇರೆ. ಎರಡನೆಯದು ಯಾವುದೇ ಮದ್ಯಕ್ಕೆ ಹೇಳುವ ಮಾತು.)

ಪದದ ಬೇರು ‘ಹೃದಯ’ ಎಂಬರ್ಥದ ಲ್ಯಾಟಿನ್ ಶಬ್ದ. ಎದೆಗೆ ಬಲ ಕೊಡುವ ಔಷಧಿ ಎಂದು ಯುರೋಪಿನಲ್ಲಿ ಹಳೆಯ ಕಾಲದಲ್ಲಿ ಕುಡಿಯುತ್ತಿದ್ದದ್ದು ಕಾರ್ಡಿಯಲ್. ನಮ್ಮಲ್ಲೂ ಇದಕ್ಕೆ ಸರಿಜೋಡಿಯಾದ ಮಾತಿದೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ‘ಹೃದ್ಯ’ ಎಂದು ಹತ್ತು ಹಣ್ಣುಗಳ ಗುಂಪು ಬರುತ್ತದೆ. ಆಮ್ರ, ಆಮ್ರಾತಕ, ಲಕುಚ, ಕರಮರ್ದ, ವೃಕ್ಷಾಮ್ಲ, ಮಾತುಲುಂಗ ಎಲ್ಲ ಅದರೊಳಗೇ. ಮಲೆನಾಡಿನ ಬಾಯಿಗೆ ತಂದು ಹೇಳುವುದಾದರೆ ಮಾವು, ಅಮಟೆ, ವಾಟೆಹುಳಿ, ಕವಳೆ, ಮುರುಗಲು (ಕೋಕಂ), ಮಾದಳ. ಎಲ್ಲವೂ ಹುಳಿ. ಒಳ್ಳೆಯ ಕಾರ್ಡಿಯಲ್‌ಗೆ ಬೇಕಾದದ್ದೂ ಅದೇ ಹುಳಿ.

ಬಾಟಲಿ ಕೆಡದಂತೆ ಕಾಯುವುದು ಯಾವುದು?

ಎರಡು ಬಗೆಯ ಕಾರ್ಡಿಯಲ್‌ಗೂ ನಿಜವಾದ ವ್ಯತ್ಯಾಸ ಇಲ್ಲಿದೆ. ಮದ್ಯವಿಲ್ಲದ ಕಾರ್ಡಿಯಲನ್ನು ಸಕ್ಕರೆ ಮತ್ತು ಹುಳಿ ಕಾಯುತ್ತವೆ, ಅವು ಸಾಲದಾದಾಗ ಸಂರಕ್ಷಕ ಪುಡಿ ಕಾಯುತ್ತದೆ. ಮದ್ಯದ ಕಾರ್ಡಿಯಲನ್ನು ಆಲ್ಕೋಹಾಲ್ ಕಾಯುತ್ತದೆ, ಸಕ್ಕರೆ ಅಲ್ಲಿ ಬರೀ ರುಚಿಗೆ. ಕೆಡುವುದೆಲ್ಲ ನಡುವಿನ ಜಾಗದಲ್ಲಿ: ಸಕ್ಕರೆ ಅರ್ಧಂಬರ್ಧ, ಆಲ್ಕೋಹಾಲೂ ಅರ್ಧಂಬರ್ಧ. ಹಣ್ಣಿನ ಸಿಪ್ಪೆಯ ಮೇಲೆ ಹುಟ್ಟಿನಿಂದಲೇ ಇರುವ ಯೀಸ್ಟ್‌ಗೆ ಅಂಥ ಜಾಗ ಸಿಕ್ಕರೆ ಸಾಕು. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ತಿಂದರೆ ಅದು ಶೇ. 1ರಷ್ಟು ಆಲ್ಕೋಹಾಲ್ ಮಾಡುತ್ತದೆ, ಜೊತೆಗೆ ಗ್ಯಾಸ್. ನಮ್ಮ ಆಹಾರ ನಿಯಮದಲ್ಲಿ ಶೇ. 0.5 ದಾಟಿದರೆ ಅದು ಮದ್ಯ. ಅಂದರೆ ಲೀಟರಿಗೆ ಎರಡು ಚಮಚೆಯಷ್ಟು ಸಕ್ಕರೆ ಹುದುಗಿದರೂ ‘ಶರಬತ್ತು’ ಗೆರೆ ದಾಟಿತು. ಮಳೆಗಾಲದಲ್ಲಿ ಅಟ್ಟದ ಮೇಲೆ ಢಬ್ ಎಂದು ಮುಚ್ಚಳ ಹಾರುವ ಬಾಟಲಿ ಅಂಥದ್ದು.

ಅಂಗಡಿಯ ಬಾಟಲಿಯಾದರೆ ಲೇಬಲ್ ಓದಿದರೆ ಸಾಕು. ‘% v/v’ ಎಂದು ಆಲ್ಕೋಹಾಲಿನ ಶೇಕಡಾ ಅಂಕಿ ಇದ್ದರೆ ಮತ್ತು ಮದ್ಯಪಾನ ಆರೋಗ್ಯಕ್ಕೆ ಹಾನಿಕರ ಎಂಬ ಎಚ್ಚರಿಕೆ ಇದ್ದರೆ ಮದ್ಯ. ಸಕ್ಕರೆ, ನೀರು, ಹಣ್ಣಿನ ರಸ, ಸಂರಕ್ಷಕ ಎಂದು ಪಟ್ಟಿ ಇದ್ದರೆ ಮದ್ಯವಿಲ್ಲದ್ದು. ನಮ್ಮ ನಿಯಮದ ಪ್ರಕಾರ ಕಾರ್ಡಿಯಲ್‌ನಲ್ಲಿ ಕನಿಷ್ಠ ಶೇ. 25 ಹಣ್ಣಿನ ರಸ, ಶೇ. 30 ಕರಗಿದ ಘನಾಂಶ ಇರಬೇಕು. ಈ ಘನಾಂಶಕ್ಕೇ ಬ್ರಿಕ್ಸ್ ಎನ್ನುವುದು, ಅದರ ಹೆಚ್ಚು ಪಾಲು ಸಕ್ಕರೆ. ರಸ ಅಷ್ಟೇ ಇದ್ದು ಘನಾಂಶ 40ಕ್ಕೆ ಏರಿದರೆ ಸ್ಕ್ವ್ಯಾಷ್, 55ಕ್ಕೆ ಕ್ರಷ್, 65ಕ್ಕೆ ಸಿರಪ್. ಸ್ಕ್ವ್ಯಾಷ್‌ನಲ್ಲಿ ತಿರುಳು ತೇಲಬಹುದು, ಕಾರ್ಡಿಯಲ್ ತಿಳಿಯಾಗಿರಬೇಕು.

ಈ ಅಂಕಿಗಳಲ್ಲಿ ಮನೆಯವರು ನೆನಪಿಡಬೇಕಾದದ್ದು 65. ಅದಕ್ಕಿಂತ ಮೇಲೆ, ಹುಳಿಯೂ ಇದ್ದರೆ, ಸಕ್ಕರೆಯೇ ಕಾಯುತ್ತದೆ. ಅದಕ್ಕಿಂತ ಕೆಳಗೆ ಫ್ರಿಜ್ ಬೇಕು, ಇಲ್ಲವೇ ಸಂರಕ್ಷಕ ಬೇಕು. ‘ನಮ್ಮಜ್ಜಿ ಏನೂ ಹಾಕುತ್ತಿರಲಿಲ್ಲ’ ಎನ್ನುವವರು ಅಜ್ಜಿ ಎಷ್ಟು ಸಕ್ಕರೆ ಸುರಿಯುತ್ತಿದ್ದರು ಎನ್ನುವುದನ್ನು ಮರೆತಿರುತ್ತಾರೆ.

ಮುರುಗಲು: ಬರೀ ಸಕ್ಕರೆ, ಬಿಸಿಲು

ದಕ್ಷಿಣ ಕನ್ನಡದವರ ಪುನರ್ಪುಳಿ, ಸಾಗರ, ಹೊಸನಗರ, ಶಿರಸಿ ಕಡೆಯವರ ಮುರುಗಲು. ಉಪ್ಪಾಗೆ ಇದರದೇ ಬಳಗದ್ದು, ಆದರೆ ಬೇರೆ ಮರ. ಅದರಿಂದ ಈ ಬಣ್ಣ ಬರುವುದಿಲ್ಲ. ಹಣ್ಣು ಏಪ್ರಿಲ್, ಮೇ ತಿಂಗಳಲ್ಲಿ ಮಾಗುತ್ತದೆ. ಮುಂಗಾರಿಗೆ ಮುಂಚೆ ಬೀಳುವ ನಾಲ್ಕು ಮಳೆಯೊಳಗೆ ಕೊಯ್ದು ಮುಗಿಸಬೇಕು. ಮಳೆ ನೀರು ಕುಡಿದ ಹಣ್ಣು ಒಡೆಯುತ್ತದೆ, ಹುಳ ಬೀಳುತ್ತದೆ, ಸಿಪ್ಪೆಯಲ್ಲಿ ನೀರು ಹೆಚ್ಚಿ ಸಕ್ಕರೆಯ ಲೆಕ್ಕವೂ ತಪ್ಪುತ್ತದೆ. ಪೂರ್ತಿ ಕಪ್ಪುಗೆಂಪಾದ, ಒತ್ತಿದರೆ ತುಸು ಬಗ್ಗುವ ಹಣ್ಣನ್ನು ಮಾತ್ರ ಆರಿಸಿ. ಒಂದು ಬದಿ ಹಸಿರುಳಿದದ್ದು ಹಾಕಿದರೆ ಬಣ್ಣ ಇಟ್ಟಿಗೆ ಕೆಂಪಾಗಿ ನಿಲ್ಲುತ್ತದೆ, ಒಗರೂ ಸೇರುತ್ತದೆ.

ತೊಳೆದ ಹಣ್ಣನ್ನು ಬಟ್ಟೆಯ ಮೇಲೆ ಹರಡಿ ನೀರು ಪೂರಾ ಆರಲು ಬಿಡಿ. ಎರಡು ಹೋಳು ಮಾಡಿ, ಬೀಜ ಮತ್ತು ಬಿಳಿ ತಿರುಳನ್ನು ಬೇರೆ ತೆಗೆಯಿರಿ. ಬೀಜ ಒಣಗಿಸಿಟ್ಟರೆ ಮುರುಗಲು ತುಪ್ಪಕ್ಕಾಯಿತು. ಸಿಪ್ಪೆಯನ್ನು ತೂಗಿ. ಕಣ್ಣಂದಾಜು ಇಲ್ಲಿ ಬೇಡ, ತಕ್ಕಡಿ ಇರಲೇಬೇಕು.

1 ಕೆಜಿ ಸಿಪ್ಪೆಗೆ 1.5 ಕೆಜಿ ಸಕ್ಕರೆ. ಯಾಕೆ ಇಷ್ಟು? ಸಿಪ್ಪೆಯಲ್ಲಿ ಸುಮಾರು ಶೇ. 85 ನೀರು, ಅಂದರೆ 850 ಗ್ರಾಂ. ಅದಕ್ಕೆ 1.5 ಕೆಜಿ ಸಕ್ಕರೆ ಕರಗಿದರೆ ಶೇ. 64 ಆಗುತ್ತದೆ. ಸಿಪ್ಪೆಯ ಸ್ವಂತ ಹುಳಿ, ಸಕ್ಕರೆ ಸೇರಿ 65 ದಾಟುತ್ತದೆ. ‘ಸಿಹಿ ಕಡಿಮೆ ಇರಲಿ’ ಎಂದು ಸಮಸಮ ಹಾಕಿದರೆ 54ಕ್ಕೇ ನಿಂತಿತು. ಅದು ಯೀಸ್ಟ್‌ಗೆ ಹಬ್ಬ. ಮಳೆ ಬಿದ್ದ ಮೇಲೆ ಕೊಯ್ದ ಹಣ್ಣಾದರೆ 1.75 ಕೆಜಿ ಹಾಕಿ. 2 ಕೆಜಿ ಹಾಕುವವರೂ ಇದ್ದಾರೆ. ಅದರಲ್ಲಿ ಒಂದಿಷ್ಟು ಕರಗದೆ ಅಡಿಯಲ್ಲಿ ಉಳಿಯುತ್ತದೆ, ಅದೇನೂ ದೋಷವಲ್ಲ.

ಪಿಂಗಾಣಿ ಭರಣಿ ಅಥವಾ ಗಾಜಿನ ಜಾಡಿ ಬೇಕು, ಒಳಗೆ ಒಣಗಿರಬೇಕು. ಅಲ್ಯೂಮಿನಿಯಂ, ಕಬ್ಬಿಣ, ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರ ಬೇಡ. ಈ ಹುಳಿ ಲೋಹವನ್ನು ತಿನ್ನುತ್ತದೆ, ಬಣ್ಣವೂ ಕಪ್ಪಾಗುತ್ತದೆ. ಒಂದು ಪದರ ಸಿಪ್ಪೆ, ಮೇಲೆ ಸಕ್ಕರೆ, ಮತ್ತೆ ಸಿಪ್ಪೆ ಎಂದು ಮುಕ್ಕಾಲು ಭಾಗ ತುಂಬಿ, ಕೊನೆಯ ಪದರ ದಪ್ಪಗೆ ಸಕ್ಕರೆಯದ್ದೇ ಇರಲಿ. ಬಾಯಿಗೆ ತೆಳು ಬಟ್ಟೆ ಕಟ್ಟಿ ಬಿಸಿಲಿಗಿಡಿ.

ಮೊದಲ ದಿನ ಸಂಜೆಗೇ ಸಕ್ಕರೆ ಒದ್ದೆಯಾಗಿ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ. ಎರಡನೆಯ ದಿನ ಭರಣಿ ಅರ್ಧಕ್ಕೆ ಇಳಿದಿರುತ್ತದೆ, ರಸ ಮೇಲೆ ಬಂದಿರುತ್ತದೆ. ಕೆಡುವುದಾದರೆ ಇಲ್ಲಿಂದಲೇ ಶುರು. ಕರಗದ ಸಕ್ಕರೆ ಅಡಿಯಲ್ಲಿ ಹೆಪ್ಪುಗಟ್ಟಿ ಕೂತಿದೆ, ಮೇಲಿನ ರಸ ಇನ್ನೂ ತೆಳ್ಳಗಿದೆ. ಮೇಲಿಂದ ನೋಡಿದರೆ ಎಲ್ಲ ಸರಿ ಅನ್ನಿಸುತ್ತದೆ, ಆದರೆ ಆ ತೆಳು ರಸದಲ್ಲಿ ಮೂರನೆಯ ದಿನಕ್ಕೆ ಸಣ್ಣ ಗುಳ್ಳೆ ಏಳುತ್ತವೆ. ಆದ್ದರಿಂದ ದಿನಕ್ಕೆ ಎರಡು ಸಲ ಒಣಗಿದ ಮರದ ಸೌಟನ್ನು ತಳಕ್ಕೆ ಮುಟ್ಟಿಸಿ, ಅಡಿಯ ಸಕ್ಕರೆಯನ್ನು ಕೆರೆದು ಮೇಲೆತ್ತಬೇಕು. ‘ಕರಕರ’ ಸದ್ದು ನಿಂತ ದಿನ ಸಕ್ಕರೆ ಕರಗಿತು ಎಂದು ಲೆಕ್ಕ.

ಏಳೆಂಟು ದಿನಕ್ಕೆ ಸಿಪ್ಪೆ ಸುಕ್ಕಾಗಿ ಚರ್ಮದ ಹಾಗೆ ಬಿಗಿದು ತೇಲುತ್ತದೆ. ಸೌಟಿನಿಂದ ಬಿಟ್ಟರೆ ರಸ ಹನಿಹನಿಯಾಗದೆ ಜೇನಿನಂತೆ ಎಳೆಯಾಗಿ ಇಳಿಯುತ್ತದೆ. ಬಿಳಿ ಪಂಚೆಯಲ್ಲಿ ಸೋಸಿ, ತಾನಾಗಿ ಇಳಿದಷ್ಟೇ ಸಾಕು. ಹಿಂಡಿದರೆ ಗಷ್ಟು ಬಂದು ಬಾಟಲಿಯಲ್ಲಿ ಕೆಸರು ಕೂರುತ್ತದೆ. ಬ್ರಿಕ್ಸ್ ಮೀಟರ್ ಇದ್ದವರು ಒಂದು ಹನಿ ಇಟ್ಟು ನೋಡಿ. 32ರವರೆಗಿನ ಮೀಟರ್ ಇದಕ್ಕಾಗದು, 90ರವರೆಗೆ ತೋರಿಸುವುದು ಬೇಕು. 65ಕ್ಕಿಂತ ಕಡಿಮೆ ಬಂದರೆ ಅಷ್ಟಕ್ಕೆ ಸಕ್ಕರೆ ಸೇರಿಸಿ ಇನ್ನೆರಡು ದಿನ ಬಿಸಿಲು.

ಮೋಡ ಕವಿದುಕೊಂಡರೆ? ಭರಣಿಯ ರಸ, ಸಿಪ್ಪೆ ಎರಡನ್ನೂ ಸ್ಟೀಲ್ ಪಾತ್ರೆಗೆ ಹಾಕಿ, ಅದನ್ನು ಬಿಸಿನೀರಿನ ಹಂಡೆಯಲ್ಲಿ ಇಳಿಬಿಟ್ಟು, ಬೆರಳು ತಡೆಯಲಾರದಷ್ಟು, ಸುಮಾರು 65 ಡಿಗ್ರಿ ಬಿಸಿಯಲ್ಲಿ ಸಕ್ಕರೆ ಕರಗಿಸಿ. ಒಲೆಯ ಮೇಲೆ ನೇರ ಕುದಿಸಬೇಡಿ. ಬಣ್ಣ ಕಂದಿಗೆ ತಿರುಗುತ್ತದೆ, ಹಣ್ಣಿನ ವಾಸನೆಯ ಜಾಗದಲ್ಲಿ ಬೆಲ್ಲದ ಪಾಕದ ವಾಸನೆ ಬರುತ್ತದೆ.

ಬಾಟಲಿಗೆ ಹಾಕುವಾಗ ಆಗುವ ತಪ್ಪು ಒಂದೇ, ಆದರೆ ಎಲ್ಲರ ಮನೆಯಲ್ಲೂ ಆಗುತ್ತದೆ. ಬಿಸಿಯಿರುವಾಗ ತುಂಬಿ ಮುಚ್ಚಳ ಹಾಕುತ್ತಾರೆ. ಆವಿ ಮುಚ್ಚಳದೊಳಗೆ ಬೆವರಿ ಹನಿಯಾಗಿ ಕೆಳಗೆ ಬೀಳುತ್ತದೆ. ಗಟ್ಟಿ ಪಾಕದ ಮೇಲೆ ನೀರಿನ ತೆಳು ಪದರ ನಿಲ್ಲುತ್ತದೆ. ತಳದಲ್ಲಿ 66 ಇದ್ದರೂ ಆ ಪದರದಲ್ಲಿ ಅದರ ಅರ್ಧವೂ ಇರುವುದಿಲ್ಲ, ಬೂಷ್ಟು ಹಿಡಿಯುವುದು ಅಲ್ಲೇ. ಪೂರ್ತಿ ಆರಿದ ಮೇಲೆ ತುಂಬಿ, ಕುತ್ತಿಗೆವರೆಗೆ ತುಂಬಿ, ಮೊದಲ ವಾರ ದಿನಕ್ಕೊಮ್ಮೆ ಬಾಟಲಿ ಬೋರಲು ಮಾಡಿ ನೆಟ್ಟಗಿಡಿ. ಆಷಾಢದ ಶೀತದಲ್ಲಿ ಸಕ್ಕರೆ ಗಾಳಿಯ ನೀರನ್ನೇ ಎಳೆದುಕೊಳ್ಳುತ್ತದೆ, ಹಾಗಾಗಿ ಒಂದು ದೊಡ್ಡ ಬಾಟಲಿಗಿಂತ ನಾಲ್ಕು ಚಿಕ್ಕವು ಲೇಸು.

ಕುಡಿಯಲು ಒಂದು ಪಾಲಿಗೆ ಐದು ಪಾಲು ತಣ್ಣೀರು, ಚಿಟಿಕೆ ಉಪ್ಪು, ಹುರಿದ ಜೀರಿಗೆಯ ಪುಡಿ. 30 ಮಿ.ಲೀ. ಪಾಕದಲ್ಲಿ ಸುಮಾರು 25 ಗ್ರಾಂ ಸಕ್ಕರೆ ಇರುತ್ತದೆ, ಸಕ್ಕರೆ ಕಾಯಿಲೆಯವರಿಗೆ ‘ಮುರುಗಲು ತಂಪು’ ಎಂದು ಒತ್ತಾಯ ಮಾಡಬೇಡಿ. ಅವರಿಗೆ ಒಣಸಿಪ್ಪೆ ನೆನೆಸಿದ ನೀರೇ ಆಗಬಹುದು.

ನಿಂಬೆ ಕಾರ್ಡಿಯಲ್: ತಿಳಿಯಾಗಿಸುವ ಕೆಲಸ

ನಿಂಬೆ ರಸವನ್ನು ಹಡಗಿನಲ್ಲಿ ಕೆಡದಂತೆ ಒಯ್ಯಲು ಹಿಂದೆ ಅದಕ್ಕೆ ರಮ್ ಬೆರೆಸುತ್ತಿದ್ದರು. 1867ರಲ್ಲಿ ಸ್ಕಾಟ್ಲೆಂಡಿನ ಲೀತ್ ಬಂದರಿನ ಲಾಕ್ಲನ್ ರೋಸ್ ಮದ್ಯದ ಬದಲು ಸಕ್ಕರೆಯಿಂದ ಕಾಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಅದೇ ವರ್ಷ ಬ್ರಿಟಿಷ್ ಹಡಗುಗಳಲ್ಲಿ ನಾವಿಕರಿಗೆ ನಿಂಬೆ ರಸ ಕೊಡುವುದು ಕಾನೂನಾಯಿತು. ಲೈಮ್ ಕಾರ್ಡಿಯಲ್ ಮದ್ಯವಿಲ್ಲದ ಪೇಯವಾಗಿ ಹರಡಿದ್ದು ಹೀಗೆ. ಬಾರಿನಲ್ಲಿ ಜಿನ್ ಜೊತೆ ಬೆರೆತು ಗಿಮ್ಲೆಟ್ ಆಗುವುದೂ ಇದೇ ಬಾಟಲಿ. ಬಾರಿನಲ್ಲಿ ಕಂಡ ಮಾತ್ರಕ್ಕೆ ಅದು ಮದ್ಯವಲ್ಲ.

1 ಕೆಜಿ ರಸಕ್ಕೆ ಮಧ್ಯಮ ಗಾತ್ರದ 50ರಿಂದ 60 ನಿಂಬೆಹಣ್ಣು ಬೇಕು. ತೆಳು ಸಿಪ್ಪೆಯ, ಹಳದಿಗೆ ತಿರುಗಿದ ಹಣ್ಣು. ಹಿಂಡುವಾಗ ಕೈ ಹಗುರ ಇರಲಿ. ಸಿಪ್ಪೆ ಮಡಚಿ ಕೊನೆಯ ಹನಿವರೆಗೆ ಹಿಂಡಿದರೆ ಬಿಳಿ ಭಾಗದ ಕಹಿ, ಸಿಪ್ಪೆಯ ಎಣ್ಣೆ ಎರಡೂ ಇಳಿಯುತ್ತವೆ. ಆ ಎಣ್ಣೆ ಹೊಸತರಲ್ಲಿ ಘಮ್ಮೆನ್ನುತ್ತದೆ, ತಿಂಗಳು ಕಳೆದ ಮೇಲೆ ಬಣ್ಣದಂಗಡಿಯ ಟರ್ಪೆಂಟೈನ್ ವಾಸನೆ ಹೊಡೆಯುತ್ತದೆ. ಬೀಜ ರಸದಲ್ಲಿ ಅರ್ಧ ಗಂಟೆಯೂ ಉಳಿಯಬಾರದು.

ರಸವನ್ನು ಕುದಿಸದೆ, ಕೆಜಿಗೆ 1 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಎಂಬ ಸಂರಕ್ಷಕ ಪುಡಿ ಕರಗಿಸಿ, ಎತ್ತರದ ಗಾಜಿನ ಬಾಟಲಿಯಲ್ಲಿ ಕತ್ತಲೆಯಲ್ಲಿಡಿ. ಬಳಕೆಯಲ್ಲಿ ಇದರ ಹೆಸರು ಕೆಎಂಎಸ್. ಮೂರರಿಂದ ನಾಲ್ಕು ವಾರದಲ್ಲಿ ರಸ ತಾನೇ ಒಡೆದು, ಗಷ್ಟು ಕೆಳಗೆ ಕೂತು, ಮೇಲೆ ಒಣಹುಲ್ಲಿನ ಬಣ್ಣದ ತಿಳಿ ನಿಲ್ಲುತ್ತದೆ. ನಿಂಬೆಯಲ್ಲೇ ಇರುವ ಒಂದು ಕಿಣ್ವ ಪೆಕ್ಟಿನ್ ಅನ್ನು ಒಡೆದು ಕೂರಿಸುತ್ತದೆ. ಬಿಸಿ ಮಾಡಿದರೆ ಆ ಕಿಣ್ವ ಸತ್ತು ರಸ ಎಂದೆಂದಿಗೂ ಮಬ್ಬಾಗಿಯೇ ಉಳಿಯುತ್ತದೆ. ‘ಎಷ್ಟು ಸೋಸಿದರೂ ತಿಳಿಯಾಗುತ್ತಿಲ್ಲ’ ಎನ್ನುವವರು ಹೆಚ್ಚಾಗಿ ಕುದಿಸಿದವರೇ. ತಿಳಿಯನ್ನು ಬಗ್ಗಿಸಿ ಸುರಿಯಬೇಡಿ, ಗಷ್ಟು ಕದಡುತ್ತದೆ. ಹೊಸ, ಸಣ್ಣ ಪ್ಲಾಸ್ಟಿಕ್ ಕೊಳವೆ ಇಳಿಬಿಟ್ಟು ಮೇಲಿನಿಂದ ಇಳಿಸಿಕೊಳ್ಳಿ.

1.25 ಕೆಜಿ ಸಕ್ಕರೆಯನ್ನು 1 ಲೀಟರ್ ನೀರಿನಲ್ಲಿ ಕುದಿಸಿ, ಸೋಸಿ, ಪೂರ್ತಿ ಆರಿಸಿ. 1 ಕೆಜಿ ತಿಳಿರಸ ಬೆರೆಸಿ. ಒಟ್ಟು 3.25 ಕೆಜಿ. ರಸ ಶೇ. 31, ಘನಾಂಶ ಸುಮಾರು 41, ಹುಳಿ ಶೇ. 2ರ ಆಸುಪಾಸು. ಅಂಕಿಯ ಪ್ರಕಾರ ಸ್ಕ್ವ್ಯಾಷ್‌ಗೂ ಸಲ್ಲುತ್ತದೆ, ತಿಳಿಯಾಗಿರುವುದರಿಂದ ಕಾರ್ಡಿಯಲ್. 41 ಎಂದರೆ ಸಕ್ಕರೆ ಒಂದೇ ಕಾಯಲಾರದು. ಅದಕ್ಕಾಗಿ ಕೆಎಂಎಸ್ ಒಟ್ಟು ಕೆಜಿಗೆ 0.6 ಗ್ರಾಂ ಲೆಕ್ಕದಲ್ಲಿ ಇರಬೇಕು. ಇದು ನಿಯಮದ ಮಿತಿಯಾದ 350 ಪಿಪಿಎಂ (ಕೆಜಿಗೆ 350 ಮಿಲಿಗ್ರಾಂ) ಗಂಧಕದ ಡೈ ಆಕ್ಸೈಡಿಗೆ ಸರಿಹೋಗುತ್ತದೆ. 3.25 ಕೆಜಿಗೆ 1.95 ಗ್ರಾಂ ಆಯಿತು. ರಸಕ್ಕೆ 1 ಗ್ರಾಂ ಮೊದಲೇ ಬಿದ್ದಿದೆ, ಉಳಿದ 0.95 ಗ್ರಾಂ ಈಗ.

ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಗ್ರಾಂಗಿಂತ ಕಡಿಮೆ ತೂಗಲು ಹೋದರೆ ಎರಡು ಪಟ್ಟು ಬೀಳುತ್ತದೆ. 6 ಗ್ರಾಂ ಪುಡಿಯನ್ನು ಕರಗಿಸಿ ನೀರು ಸೇರಿ 100 ಮಿ.ಲೀ. ಆಗುವಂತೆ ಮಾಡಿಕೊಂಡರೆ 10 ಮಿ.ಲೀ.ನಲ್ಲಿ 0.6 ಗ್ರಾಂ. ಔಷಧಿ ಅಂಗಡಿಯ ಸಿರಿಂಜಿನಲ್ಲಿ ಅಳೆಯಿರಿ. ಮೇಲಿನ 0.95 ಗ್ರಾಂಗೆ 16 ಮಿ.ಲೀ. ಸಾಕು. ಈ ದ್ರಾವಣ ಅಂದಂದಿಗೆ ಮಾಡಿಕೊಳ್ಳಿ, ಇಟ್ಟರೆ ಬಲ ಹೋಗುತ್ತದೆ. ಬಿಸಿ ಪಾಕಕ್ಕೆ ಹಾಕಿದರೂ ಗ್ಯಾಸ್ ಆಗಿ ಹಾರಿಹೋಗುತ್ತದೆ, ಮೂಗಿಗೆ ಬೆಂಕಿಕಡ್ಡಿ ಗೀರಿದ ವಾಸನೆ ಬಂದರೆ ಆದದ್ದು ಅದೇ. ಉಬ್ಬಸ ಇರುವ ಕೆಲವರಿಗೆ ಸಲ್ಫೈಟ್ ಆಗುವುದಿಲ್ಲ. ಅಂಥವರ ಮನೆಗಾದರೆ ಸಂರಕ್ಷಕ ಬಿಟ್ಟು ಫ್ರಿಜ್ಜಿನಲ್ಲಿಟ್ಟು ಎರಡು ಮೂರು ವಾರದಲ್ಲಿ ಮುಗಿಸಿ.

ಇದೇ ಕೆಎಂಎಸ್ ಅನ್ನು ಮುರುಗಲು, ನೇರಳೆ, ದಾಳಿಂಬೆಗೆ ಹಾಕಬಾರದು. ಕಡುಗೆಂಪು ಕಣ್ಣೆದುರೇ ಬಿಳಿಚಿಕೊಳ್ಳುತ್ತದೆ. ಬಣ್ಣದ ಹಣ್ಣಿಗೆ ಸೋಡಿಯಂ ಬೆಂಜೋಯೇಟ್, ಕೆಜಿಗೆ 0.7 ಗ್ರಾಂ. ಅದೂ ಹುಳಿ ಇದ್ದಲ್ಲಿ ಮಾತ್ರ ಕೆಲಸ ಮಾಡುತ್ತದೆ.

ಸೊಗದೆ ಬೇರು, ಲಾವಂಚದ ಪಾಕ ಮಾಡುವವರು ಇಲ್ಲಿ ಎಚ್ಚರ ವಹಿಸಬೇಕು. ಬೇರಿನ ಕಷಾಯದಲ್ಲಿ ಹುಳಿಯೇ ಇಲ್ಲ. 65ಕ್ಕೆ ಪಾಕ ಏರಿಸಿ, ಕೆಜಿಗೆ 5 ಗ್ರಾಂ ಸಿಟ್ರಿಕ್ ಆಸಿಡ್ ಹಾಕದೆ ಬಾಟಲಿಗೆ ತುಂಬಬೇಡಿ. ಹುಳಿ ಒಪ್ಪದವರು ಫ್ರಿಜ್ಜಿನಲ್ಲೇ ಇಡಬೇಕು.

ಮದ್ಯದ ಕಾರ್ಡಿಯಲ್

ಮೊದಲು ಕಾನೂನು. ಭಟ್ಟಿ ಇಳಿಸುವುದು ಕರ್ನಾಟಕ ಅಬಕಾರಿ ಕಾಯ್ದೆ, 1965ರಡಿ ಅಪರಾಧ, ಪ್ರಮಾಣ ಎಷ್ಟೇ ಚಿಕ್ಕದಿರಲಿ. ಇಲ್ಲಿ ಹೇಳುತ್ತಿರುವುದು ಲೈಸೆನ್ಸ್ ಇರುವ ಅಂಗಡಿಯಿಂದ ತಂದ ಬಾಟಲಿಯಲ್ಲಿ ಹಣ್ಣು ನೆನೆಸಿ, ಮನೆಯ ವಯಸ್ಕರು ಮನೆಯಲ್ಲೇ ಬಳಸುವ ಮಾತು. ಕಾಯ್ದೆಯಲ್ಲಿ ‘ತಯಾರಿಕೆ’ ಎಂಬ ಪದದ ವ್ಯಾಪ್ತಿ ದೊಡ್ಡದು, ಆದ್ದರಿಂದ ಮಾರುವ ಯೋಚನೆಯಿದ್ದರೆ ಅಥವಾ ಹೋಂಸ್ಟೇ ಅತಿಥಿಗಳಿಗೆ ಕೊಡುವುದಿದ್ದರೆ ಅಬಕಾರಿ ಕಚೇರಿಯಲ್ಲಿ ಕೇಳದೆ ಕೈ ಹಾಕಬೇಡಿ. ಗುರುತಿಲ್ಲದ ‘ಸ್ಪಿರಿಟ್’, ಪಾಲಿಶ್‌ಗೆ ಬಳಸುವ ಸ್ಪಿರಿಟ್, ಸ್ಯಾನಿಟೈಸರ್ ಯಾವುದನ್ನೂ ಮುಟ್ಟಬಾರದು. ಅವುಗಳಲ್ಲಿ ಮೆಥನಾಲ್ ಇರಬಹುದು. ಅದು ಕಣ್ಣು ಕಳೆಯುತ್ತದೆ, ಜೀವವನ್ನೂ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿಗೆ 300ಕ್ಕೂ ಹೆಚ್ಚು ಜನ ಬಲಿಯಾದರು. ಸೋಸುವುದರಿಂದಾಗಲಿ, ಸಕ್ಕರೆ ಹಾಕುವುದರಿಂದಾಗಲಿ ಮೆಥನಾಲ್ ಹೋಗುವುದಿಲ್ಲ.

ನಮ್ಮಲ್ಲಿ ಸಿಗುವ ವೋಡ್ಕಾ, ಜಿನ್, ಬ್ರಾಂಡಿ ಹೆಚ್ಚಿನವು ಶೇ. 42.8. ರುಚಿ ಹಿಡಿಸಲು ಸಾದಾ ವೋಡ್ಕಾ ಸರಿ. ಬ್ರಾಂಡಿಯ ಬಣ್ಣ, ವಾಸನೆ ಮುರುಗಲನ್ನು ಮುಚ್ಚಿಬಿಡುತ್ತವೆ.

750 ಮಿ.ಲೀ. ವೋಡ್ಕಾಗೆ 100 ಗ್ರಾಂ ಒಣ ಮುರುಗಲು ಸಿಪ್ಪೆ. ಅಂಗಡಿಯಿಂದ ತಂದದ್ದಾದರೆ ಒಂದು ಚೂರು ನೆಕ್ಕಿ ನೋಡಿ. ಉಪ್ಪು ಹಾಕಿ ಒಣಗಿಸಿದ್ದು ಸಾರಿಗೆ ಚೆಂದ, ಇಲ್ಲಿ ಪೂರ್ತಿ ಬಾಟಲಿ ಹಾಳು. ಗಾಜಿನ ಜಾಡಿಯಲ್ಲಿ ಮುಳುಗಿಸಿ ಕತ್ತಲೆಯಲ್ಲಿಡಿ. ಬಣ್ಣ ಮೊದಲ ದಿನವೇ ಇಳಿಯುತ್ತದೆ, ಹುಳಿ ಮೂರು ನಾಲ್ಕು ದಿನಕ್ಕೆ, ಒಗರು ವಾರ ದಾಟಿದ ಮೇಲೆ. ಹಾಗಾಗಿ ಐದನೆಯ ದಿನದಿಂದ ರುಚಿ ನೋಡುತ್ತಾ ಏಳಕ್ಕೆ ಮುಗಿಸಿ. ಮಸಾಲೆ ಬೇಕಿದ್ದರೆ ಕೊನೆಯ ಎರಡು ದಿನಕ್ಕೆ ಮಾತ್ರ: ಐದಾರು ಏಲಕ್ಕಿ ಜಜ್ಜಿದ್ದು, ಎಂಟು ಕಾಳುಮೆಣಸು. ಲವಂಗ ಎರಡಕ್ಕಿಂತ ಹೆಚ್ಚಾದರೆ ಹಲ್ಲುನೋವಿನ ಎಣ್ಣೆಯೇ ನೆನಪಾಗುತ್ತದೆ.

ಸೋಸಿದಾಗ 650 ಮಿ.ಲೀ.ನಷ್ಟು ಸಿಗುತ್ತದೆ, ಉಳಿದ 100 ಮಿ.ಲೀ. ಸಿಪ್ಪೆ ಕುಡಿದಿರುತ್ತದೆ. 250 ಗ್ರಾಂ ಸಕ್ಕರೆಯನ್ನು 200 ಮಿ.ಲೀ. ನೀರಿನಲ್ಲಿ ಕರಗಿಸಿ, ಆರಿಸಿ, ಬೆರೆಸಿ. ಬಿಸಿ ಪಾಕ ಹಾಕಿದರೆ ಆಲ್ಕೋಹಾಲ್ ಆವಿಯಾಗುತ್ತದೆ, ಹತ್ತಿರ ಒಲೆ ಉರಿಯುತ್ತಿದ್ದರೆ ಅಪಾಯ. ಕೊನೆಗೆ ಸುಮಾರು 1 ಲೀಟರ್, ಆಲ್ಕೋಹಾಲ್ ಶೇ. 27ರಿಂದ 28. ಎರಡು ವಾರ ಹಾಗೇ ಬಿಟ್ಟರೆ ಹುಳಿ, ಸಿಹಿ, ಖಾರ ಹೊಂದಿಕೊಳ್ಳುತ್ತವೆ.

ಹಸಿ ಸಿಪ್ಪೆ ಹಾಕುವಾಗ ಲೆಕ್ಕ ಬದಲಾಗುತ್ತದೆ. 500 ಗ್ರಾಂ ಹಸಿ ಸಿಪ್ಪೆಯ ಜೊತೆ 400 ಮಿ.ಲೀ.ಗೂ ಮಿಕ್ಕಿ ನೀರು ಬರುತ್ತದೆ. 42.8 ಇದ್ದದ್ದು 27ಕ್ಕೆ ಇಳಿಯುತ್ತದೆ, ಮೇಲಿನ ಪಾಕ ಸೇರಿದರೆ 21ರ ಸುತ್ತ. ಶೇ. 20ಕ್ಕಿಂತ ಕೆಳಗೆ ಹೋಗಬಾರದು ಎನ್ನುವುದು ನಮ್ಮ ಗೆರೆ. ಹಸಿ ಹಣ್ಣಿಗೆ ಪಾಕ ಬೇಡ, 250 ಗ್ರಾಂ ಸಕ್ಕರೆಯನ್ನು ನೇರ ಸುರಿದು ಕುಲುಕಿ ಕರಗಿಸಿ, 24ರಲ್ಲಿ ನಿಲ್ಲುತ್ತದೆ. ಕುಡಿಯುವಾಗ ಲೋಟದಲ್ಲಿ ಎಷ್ಟಾದರೂ ನೀರು ಬೆರೆಸಿ, ಬಾಟಲಿಯಲ್ಲಿ ಬೆರೆಸಿಡಬೇಡಿ.

ಕಂಚಿ, ಹೇರಳೆಯಲ್ಲಿ ಬೇಕಾದದ್ದು ರಸವಲ್ಲ, ಸಿಪ್ಪೆಯ ಎಣ್ಣೆ. ನಾಲ್ಕು ಕಾಯಿಯ ಹೊರಸಿಪ್ಪೆಯನ್ನು, ಹಿಂದಿನ ಬಿಳಿ ಒಂಚೂರೂ ಬಾರದಂತೆ, ತರಕಾರಿ ಹೆರೆಯುವ ಚಾಕುವಿನಲ್ಲಿ ತೆಳ್ಳಗೆ ತೆಗೆದು 750 ಮಿ.ಲೀ.ನಲ್ಲಿ ಒಂದು ವಾರ. ಸಿಪ್ಪೆ ಬಿಳಿಚಿ, ಬಗ್ಗಿಸಿದರೆ ಪಟ್ ಎಂದು ಮುರಿದರೆ ಎಣ್ಣೆಯೆಲ್ಲ ಇಳಿದಿದೆ. 300 ಗ್ರಾಂ ಸಕ್ಕರೆ, 300 ಮಿ.ಲೀ. ನೀರಿನ ಪಾಕ ಹಾಕಿದ ಕೂಡಲೇ ಹಾಲಿನಂತೆ ಮಬ್ಬಾಗಬಹುದು. ಕೆಟ್ಟದ್ದಲ್ಲ. ಗಟ್ಟಿ ಆಲ್ಕೋಹಾಲಿನಲ್ಲಿ ಕರಗಿದ್ದ ಎಣ್ಣೆ ನೀರು ಹೆಚ್ಚಿದಾಗ ಸಣ್ಣ ಹನಿಯಾಗಿ ಹೊರಬರುತ್ತದೆ, ಅಷ್ಟೆ. ಕಾಫಿಯಾದರೆ ಇನ್ನೂ ಸುಲಭ: ಚಿಕೋರಿ ಇಲ್ಲದ, ತರಿತರಿಯಾಗಿ ಪುಡಿ ಮಾಡಿದ ಅರೇಬಿಕಾ 80 ಗ್ರಾಂ, ಒಂದು ದಿನ ಮಾತ್ರ. ಎರಡು ದಿನ ಬಿಟ್ಟರೆ ಕಹಿ.

ಕೆಟ್ಟದ್ದನ್ನು ಗುರುತಿಸುವುದು

ಮದ್ಯವಿಲ್ಲದ ಬಾಟಲಿ ತೆರೆದಾಗ ‘ಸುಯ್’ ಎಂದರೆ, ಅಂಚಿನಲ್ಲಿ ನೊರೆಯ ಉಂಗುರ ಕಂಡರೆ, ಪ್ಲಾಸ್ಟಿಕ್ ಬಾಟಲಿ ಉಬ್ಬಿ ಅಡಿ ನಿಲ್ಲದಿದ್ದರೆ, ಹುಳಿ ಬಂದ ದೋಸೆ ಹಿಟ್ಟಿನ ಅಥವಾ ಹೆಂಡದ ವಾಸನೆ ಬಂದರೆ ಹುದುಗು ಶುರುವಾಗಿದೆ. ಕುದಿಸಿ ಸರಿಮಾಡುವ ಆಸೆ ಬೇಡ. ಆಲ್ಕೋಹಾಲ್ ಪೂರ್ತಿ ಹೋಗುವುದಿಲ್ಲ, ರುಚಿಯೂ ಮರಳುವುದಿಲ್ಲ. ಮಕ್ಕಳಿಗೆ, ಬಸುರಿಯರಿಗೆ, ಮದ್ಯ ಮುಟ್ಟದವರಿಗೆ ಅದನ್ನು ಶರಬತ್ತೆಂದು ಕೊಡುವುದು ತಪ್ಪು. ಗಾಜಿನ ಬಾಟಲಿಯಾದರೆ ಮೇಲೆ ದಪ್ಪ ಟವೆಲ್ ಹಾಕಿ, ಮುಖ ದೂರವಿಟ್ಟು ಮುಚ್ಚಳ ಸಡಿಲಿಸಿ, ಗೊಬ್ಬರದ ಗುಂಡಿಗೆ ಸುರಿಯಿರಿ. ಪಾಕದ ತಳದಲ್ಲಿ ಹರಳು ಕೂತಿದ್ದರೆ ಅದು ಕೆಟ್ಟದ್ದಲ್ಲ. ಬಿಸಿನೀರಿನಲ್ಲಿ ಬಾಟಲಿ ನಿಲ್ಲಿಸಿದರೆ ಕರಗುತ್ತದೆ.

ಎರಡು ಬಗೆಯ ಮುರುಗಲೂ ಒಂದೇ ಕೆಂಪು, ಎರಡೂ ಹಳೆಯ ಬಾಟಲಿಯಲ್ಲೇ ಇರುತ್ತವೆ. ಮದ್ಯದ್ದಕ್ಕೆ ಬೇರೆ ಆಕಾರದ ಬಾಟಲಿ, ಬೇರೆ ಕಪಾಟು, ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು, ತಾರೀಕು, ಶೇಕಡಾವಾರು. ಸೋಸಿ ಉಳಿದ ಸಿಪ್ಪೆಯ ವಿಷಯ ಇನ್ನೂ ಸೂಕ್ಷ್ಮ. ಸಕ್ಕರೆಯಲ್ಲಿ ನೆನೆದ ಸಿಪ್ಪೆಯನ್ನು ಮೊರದಲ್ಲಿ ಒಣಗಿಸಿದರೆ ಮಕ್ಕಳು ಬಂದು ಹೋಗುತ್ತಾ ಬಾಯಿಗೆ ಹಾಕಿಕೊಳ್ಳುತ್ತಾರೆ, ಆ ಸಿಪ್ಪೆ ಇರುವುದೇ ಅದಕ್ಕೆ. ವೋಡ್ಕಾದಲ್ಲಿ ನೆನೆದದ್ದೂ ನೋಡಲು ಅಂಥದ್ದೇ, ಒಳಗೆ 100 ಮಿ.ಲೀ. ಮದ್ಯ ಹಿಡಿದುಕೊಂಡಿರುತ್ತದೆ. ಅದನ್ನು ಮೊರಕ್ಕೂ ಹರಡಬೇಡಿ, ದನದ ಬಾನಿಗೂ ಹಾಕಬೇಡಿ. ಸೋಸಿದ ದಿನವೇ ಮಣ್ಣಿನಲ್ಲಿ ಹೂಳಿ.